ಇಚ್ಛಾಪರಿಮಾಣ – ಮಿತವ್ಯಯವೆಂಬ ಗೃಹಸ್ಥನ ವ್ರತ

ವ್ರತವೆಂದೊಡನೆ ಉಪವಾಸ, ಏಕಾಶನ, ಅಭಿಷೇಕ, ಉದ್ಯಾಪನೆಗಳು ಮನಸ್ಸಿಗೆ ಬರುವುದು ಸಹಜ. ಅಷ್ಟಮಿ-ಚತುರ್ದಶಿಗಳಲ್ಲಿ ಆಹಾರವನ್ನು ತ್ಯಜಿಸಿದ ಶ್ರಾವಕನು ಮಿಕ್ಕ ದಿನಗಳಲ್ಲಿ ಸಂತೆಯಲ್ಲಿಯೂ ಅಂಗಡಿಯ ಬಾಗಿಲಲ್ಲಿಯೂ ಹೇಗೆ ನಡೆದುಕೊಳ್ಳುತ್ತಾನೆಂಬುದೂ ವ್ರತದ ವಿಷಯವೇ ಎಂಬ ಮಾತು ಮಾತ್ರ ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಆದರೆ ಆಚಾರ್ಯರು ಗೃಹಸ್ಥನಿಗೆ ವಿಧಿಸಿದ ಹನ್ನೆರಡು ವ್ರತಗಳಲ್ಲಿ ಉಪವಾಸಕ್ಕೆ ಸಂಬಂಧಿಸಿದ್ದು ಪ್ರೋಷಧೋಪವಾಸವೊಂದೇ. ಗಳಿಕೆ, ಬಳಕೆ, ಸಂಗ್ರಹಗಳಿಗೆ ನೇರವಾಗಿ ಸಂಬಂಧಿಸಿದವು ಮೂರು: ಪರಿಗ್ರಹಪರಿಮಾಣ, ಅನರ್ಥದಂಡವಿರತಿ, ಭೋಗೋಪಭೋಗಪರಿಮಾಣ. ಅಲ್ಪ ಆದಾಯದ ಮನೆಯೊಂದು ನಿತ್ಯದ ವೆಚ್ಚವನ್ನು ತಗ್ಗಿಸಿ ನಾಲ್ಕು ಕಾಸು ಉಳಿಸುವುದು ಈ ಮೂರು ವ್ರತಗಳ ಬೆಳಕಿನಲ್ಲಿ ಹೇಗೆ ಧರ್ಮವಾಗುತ್ತದೆ, ಅದೇ ಕೆಲಸ ಎಲ್ಲಿ ಲೋಭವಾಗಿ ತಿರುಗುತ್ತದೆ ಎಂಬುದೇ ಈ ಪಾಠದ ವಿಷಯ.

ವ್ರತದ ಹೆಸರು, ವ್ರತದ ಅರ್ಥ

ಐದನೆಯ ಅಣುವ್ರತಕ್ಕೆ ಪರಿಗ್ರಹಪರಿಮಾಣವೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇನ್ನೊಂದು ಹೆಸರನ್ನೂ ಹೇಳಿದ್ದಾರೆ, ಅದು ಇಚ್ಛಾಪರಿಮಾಣ. ಈ ಎರಡನೆಯ ಹೆಸರಿನಲ್ಲಿ ವ್ರತದ ಮರ್ಮವೆಲ್ಲ ಅಡಗಿದೆ. ಹೊಲ, ಮನೆ, ಹೊನ್ನು, ಧಾನ್ಯ, ಪಾತ್ರೆ-ಪದಾರ್ಥಗಳಿಗೆ ಮಿತಿಯಿಟ್ಟು, ಆ ಮಿತಿಯ ಆಚೆಗಿನದರಲ್ಲಿ ಆಸೆಯನ್ನು ಬಿಡುವುದೇ ಈ ವ್ರತ. ಎಂದರೆ ಅಳೆಯಬೇಕಾದುದು ವಸ್ತುವನ್ನು ಮಾತ್ರವಲ್ಲ, ಇಚ್ಛೆಯನ್ನು. ಉಮಾಸ್ವಾಮಿಗಳೂ ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ ಗುರುತಿಸಿದರು.

ಇಲ್ಲಿ ಒಂದು ಸಂದೇಹ ಹುಟ್ಟುತ್ತದೆ. ಪರಿಗ್ರಹಕ್ಕೆ ಮಿತಿಯಿಡುವುದು ಸಿರಿವಂತನ ವ್ರತವಲ್ಲವೇ? ಎರಡು ಎಕರೆ ಹೊಲ, ಒಂದು ಎಮ್ಮೆ, ಹಂಚಿನ ಮನೆ ಇರುವವನು ಏನನ್ನು ಮಿತಗೊಳಿಸಬೇಕು? ಉತ್ತರ ಇಷ್ಟೇ. ಬಡವನಲ್ಲಿ ವಸ್ತು ಕಡಿಮೆಯಿದ್ದರೂ ಇಚ್ಛೆ ಕಡಿಮೆಯಿರಬೇಕೆಂದಿಲ್ಲ. ಸಾಲದ ಮೂಲ ಹಲವು ಸಲ ಇಲ್ಲಿಯೇ ಇರುತ್ತದೆ. ಆದಾಯಕ್ಕೆ ಮಿತಿಯಿದ್ದು ಇಚ್ಛೆಗೆ ಮಿತಿಯಿಲ್ಲದಿದ್ದಾಗ ನಡುವಿನ ಅಂತರವನ್ನು ತುಂಬಲು ಬರುವುದೇ ಸಾಲ. ಆದ್ದರಿಂದ ಈ ವ್ರತ ಸಿರಿವಂತನಿಗೆ ಎಷ್ಟು ಬೇಕೋ ಅಲ್ಪಾದಾಯದವನಿಗೆ ಅದಕ್ಕಿಂತ ಒಂದು ಪಾಲು ಹೆಚ್ಚೇ ಬೇಕು.

ಭೋಗ, ಉಪಭೋಗ ಮತ್ತು ಹದಿನೇಳು ನಿಯಮಗಳು

ಒಮ್ಮೆ ಬಳಸಿ ಬಿಡುವಂಥದು ಭೋಗ. ಅನ್ನ, ಪಾನ, ಹೂವು, ಗಂಧ ಇದಕ್ಕೆ ಉದಾಹರಣೆ. ಮತ್ತೆ ಮತ್ತೆ ಬಳಸುವಂಥದು ಉಪಭೋಗ. ವಸ್ತ್ರ, ಆಭರಣ, ಹಾಸಿಗೆ, ವಾಹನ ಇದಕ್ಕೆ ಸೇರುತ್ತವೆ. ಈ ವಿಭಾಗ ಸಮಂತಭದ್ರರದು. ತತ್ತ್ವಾರ್ಥಸೂತ್ರದ ಪರಂಪರೆಯಲ್ಲಿ ಇವನ್ನೇ ಉಪಭೋಗ, ಪರಿಭೋಗ ಎಂದು ಕರೆದಿದೆ. ಹೆಸರು ಬೇರೆಯಾದರೂ ಭಾವ ಒಂದೇ. ಮನೆಯ ವೆಚ್ಚವನ್ನು ಪರಿಶೀಲಿಸುವವರಿಗೂ ಈ ವಿಭಾಗ ಬಹು ಉಪಯುಕ್ತ. ಉಪಭೋಗದ ವೆಚ್ಚ ದೊಡ್ಡದು, ಅಪರೂಪದ್ದು, ಕಣ್ಣಿಗೆ ಕಾಣುವಂಥದು. ಬೈಕು ಕೊಳ್ಳುವಾಗ ನಾಲ್ಕು ಜನ ಕುಳಿತು ವಿಚಾರ ಮಾಡುತ್ತಾರೆ. ಭೋಗದ ವೆಚ್ಚ ಚಿಕ್ಕದು, ನಿತ್ಯದ್ದು, ಕಣ್ಣಿಗೆ ಬೀಳದಂಥದು. ಒಂದು ಕಪ್ಪು ಚಹಕ್ಕೆ ಯಾರೂ ವಿಚಾರ ಮಾಡುವುದಿಲ್ಲ. ಸಂಸಾರದ ಗಡಿಗೆ ಸೋರುವುದು ಹೆಚ್ಚಾಗಿ ಈ ಚಿಕ್ಕ ತೂತುಗಳಿಂದ.

ಇದನ್ನು ಬಲ್ಲ ಹಿರಿಯರು ಶ್ರಾವಕನಿಗೆ ಪ್ರತಿದಿನ ಬೆಳಗ್ಗೆ ಸ್ಮರಿಸಬೇಕಾದ ಹದಿನೇಳು ನಿಯಮಗಳನ್ನು ಹೇಳಿಕೊಟ್ಟರು. ಭೋಜನ, ಷಡ್ರಸ, ಪಾನ, ವಿಲೇಪನ, ಪುಷ್ಪ, ತಾಂಬೂಲ, ಗೀತ, ನೃತ್ಯ, ಬ್ರಹ್ಮಚರ್ಯ, ಸ್ನಾನ, ಭೂಷಣ, ವಸ್ತ್ರ, ವಾಹನ, ಶಯನ, ಆಸನ, ಸಚಿತ್ತ, ವಸ್ತುಸಂಖ್ಯೆ – ಇವೇ ಆ ಹದಿನೇಳು. ಈ ದಿನ ಎಷ್ಟು ಸಲ ಉಣ್ಣುವುದು, ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪುಗಳಲ್ಲಿ ಯಾವ ರಸವನ್ನು ಬಿಡುವುದು, ಎಷ್ಟು ಸಲ ವಾಹನವೇರುವುದು, ಹೊಸದಾಗಿ ಎಷ್ಟು ವಸ್ತುಗಳನ್ನು ಮುಟ್ಟುವುದು – ಹೀಗೆ ಒಂದೊಂದಕ್ಕೂ ಬೆಳಗ್ಗೆಯೇ ಎಲ್ಲೆ ಹಾಕಿಕೊಳ್ಳಬೇಕು. ಇಂದಿನ ಭಾಷೆಯಲ್ಲಿ ಇದನ್ನು ದಿನದ ಆಯವ್ಯಯ ಪತ್ರಿಕೆಯೆಂದರೆ ತಪ್ಪಿಲ್ಲ. ವ್ಯತ್ಯಾಸವೊಂದೇ. ಲೆಕ್ಕದ ಪುಸ್ತಕ ಖರ್ಚಾದ ಮೇಲೆ ಬರೆಯುವಂಥದು. ನಿಯಮ ಖರ್ಚಿಗೆ ಮೊದಲು ಮಾಡುವಂಥದು.

ನಿಯಮಕ್ಕೂ ಯಮಕ್ಕೂ ಇರುವ ಭೇದವನ್ನು ಇಲ್ಲಿಯೇ ತಿಳಿಯಬೇಕು. ಕಾಲಮಿತಿಯಿಟ್ಟು ಮಾಡುವ ತ್ಯಾಗ ನಿಯಮ. ಜೀವವಿರುವವರೆಗೂ ಮಾಡುವ ತ್ಯಾಗ ಯಮ. ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಎರಡು ತಿಂಗಳ ಋತು, ಆರು ತಿಂಗಳ ಅಯನ – ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಿಯಮದ ಅವಧಿಯನ್ನು ಆಚಾರ್ಯರು ಹೇಳಿದ್ದಾರೆ. ಒಮ್ಮೆಲೇ ಎಲ್ಲವನ್ನೂ ಬಿಡಹೊರಟು ಎಂಟು ದಿನಗಳಲ್ಲಿ ಕೈಚೆಲ್ಲುವುದಕ್ಕಿಂತ ಒಂದು ಪಕ್ಷದ ಚಿಕ್ಕ ನಿಯಮ ಮೇಲು. ಚಟವಾಗಿ ಬಂದ ತಂಬಾಕು, ಗುಟಕಾಗಳಿಗೆ ಮಾತ್ರ ನಿಯಮ ಸಾಲದು. ಅವಕ್ಕೆ ಯಮವೇ ಮದ್ದು.

ಅನರ್ಥದಂಡ: ಪ್ರಯೋಜನವಿಲ್ಲದ ವೆಚ್ಚ

ಪ್ರಯೋಜನವಿಲ್ಲದೆ ಜೀವಗಳಿಗೆ ನೋವುಂಟುಮಾಡುವ ಪ್ರವೃತ್ತಿ ಅನರ್ಥದಂಡ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅದರ ಐದು ಬಗೆಗಳು. ಕೊನೆಯದಾದ ಪ್ರಮಾದಚರ್ಯೆಯ ವಿವರಣೆಯನ್ನು ಓದಿದರೆ ಅದು ಇಂದಿನ ಅಡುಗೆಮನೆ-ಅಂಗಳಗಳನ್ನು ನೋಡಿಯೇ ಬರೆದಂತಿದೆ. ನಿಷ್ಕಾರಣವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಬೀಸುವುದು, ಗಿಡವನ್ನು ಕೀಳುವುದು, ಸುಮ್ಮನೆ ಅಲೆಯುವುದು, ಇತರರನ್ನು ಅಲೆಸುವುದು – ಇವೆಲ್ಲ ಪ್ರಮಾದಚರ್ಯೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಪಂಖ, ತುಂಬಿ ಹರಿಯುವ ನೀರಿನ ಟಾಕಿ, ಒಲೆಯ ಮೇಲೆ ಪಾತ್ರೆಯಿಲ್ಲದೆ ಉರಿಯುವ ಗ್ಯಾಸು, ಕಟ್ಟೆಯ ಮೇಲೆ ಹರಟೆಗೆಂದು ಬೈಕಿನಲ್ಲಿ ಹೋಗಿಬರುವುದು, ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ ಜೀವಗಳನ್ನು ನಂಬುವ ಜೈನನಿಗೆ ಇವು ಹಣದ ನಷ್ಟಕ್ಕಿಂತ ಮೊದಲು ಹಿಂಸೆ. ಹಿಂಸೆಯನ್ನು ಬಿಟ್ಟರೆ ಹಣದ ಉಳಿತಾಯ ತಾನಾಗಿ ಬರುತ್ತದೆ.

ಈ ವ್ರತದ ಅತಿಚಾರಗಳಲ್ಲಿ ಉಪಭೋಗಪರಿಭೋಗಾನರ್ಥಕ್ಯವೆಂಬುದೂ ಒಂದು. ಅಗತ್ಯಕ್ಕಿಂತ ಹೆಚ್ಚಾಗಿ ಭೋಗದ ವಸ್ತುಗಳನ್ನು ಕೂಡಿಹಾಕುವುದೇ ಅದರ ಅರ್ಥ. ಅಗ್ಗವಾಗಿ ದೊರೆಯಿತೆಂದು ಬೇಡದ ವಸ್ತುವನ್ನು ಕೊಂಡು ಅಟ್ಟದ ಮೇಲೆ ಇಡುವುದು ಉಳಿತಾಯವಲ್ಲ, ಅತಿಚಾರ. ಬೇಡದ ವಸ್ತುವಿಗೆ ಕೊಟ್ಟ ಬೆಲೆ ಎಷ್ಟೇ ಕಡಿಮೆಯಾದರೂ ಅದು ದುಬಾರಿಯೇ.

ಈ ಸೀಮೆಯ ಆದಾಯದ ರೀತಿ

ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಈಚೆಗೆ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಜೈನ ಮನೆತನಗಳು ಬಹುಮಟ್ಟಿಗೆ ಒಕ್ಕಲುತನದವು. ಪೇಟೆಯ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ ಬರುವಂತೆ ರೈತನಿಗೆ ಬರುವುದಿಲ್ಲ. ಕಬ್ಬಿನ ಬಿಲ್ಲು ವರ್ಷದಲ್ಲಿ ಒಂದೆರಡು ಕಂತಿನಲ್ಲಿ ಬರುತ್ತದೆ; ಅದೂ ಹೇಳಿದ ದಿನಕ್ಕೆ ಬರುತ್ತದೆಂಬ ಭರವಸೆಯಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದ್ದರೂ ಬಾಕಿಗಾಗಿ ಕಾಯುವುದು ಬೆಳೆಗಾರರಿಗೆ ಹೊಸದಲ್ಲ. ನಿಪ್ಪಾಣಿಯ ತಂಬಾಕು ಬೆಳೆಗಾರರು 1981ರಲ್ಲಿ ಬೆಲೆಗಾಗಿ ರಸ್ತೆಗಿಳಿದ ಚಳವಳಿಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಬಂದಾಗ ನಿಂತ ಬೆಳೆಯೂ ಮನೆಯ ಸಾಮಾನೂ ನೀರುಪಾಲಾದುದನ್ನು ಎಲ್ಲರೂ ಕಂಡಿದ್ದಾರೆ.

ಇದರಿಂದ ತಿಳಿಯುವುದೇನೆಂದರೆ, ಬೆಳೆಯ ಬೆಲೆ ರೈತನ ಕೈಯಲ್ಲಿಲ್ಲ, ಮಳೆ ಅವನ ಕೈಯಲ್ಲಿಲ್ಲ, ಹೊಳೆ ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ವೆಚ್ಚವೊಂದೇ. ಬಿಲ್ಲು ಬಂದ ತಿಂಗಳು ಅರಸನಂತೆ ಬಾಳಿ ಮಿಕ್ಕ ತಿಂಗಳು ಅಂಗಡಿಯ ಉದ್ರಿಯಲ್ಲಿ ಬದುಕುವುದಕ್ಕಿಂತ, ಬಂದ ಹಣವನ್ನು ಹನ್ನೆರಡು ಪಾಲು ಮಾಡಿ ತಿಂಗಳಿಗೊಂದು ಪಾಲಿನಲ್ಲಿ ಸಾಗುವುದು ಲೇಸು. ಈ ಹಂಚಿಕೆಯೇ ಒಕ್ಕಲಿಗನ ಪರಿಮಾಣವ್ರತದ ಮೊದಲ ಪಾಠ.

ಆಯದ ನಾಲ್ಕು ಪಾಲು

ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ, ಆಯವನ್ನು ನೋಡದೆ ವ್ಯಯ ಮಾಡುವವನು ಕುಬೇರನೇ ಆಗಿದ್ದರೂ ಕಡೆಗೆ ಭಿಕ್ಷುಕನಂತಾಗುವನೆಂದು ಎಚ್ಚರಿಸಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಧನವನ್ನು ಗಳಿಸುವುದನ್ನು ಮೊದಲಿಗೆ ಇಟ್ಟರು. ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಕಾಣುವ ಹಳೆಯ ನೀತಿಯೊಂದು ಆಯವನ್ನು ನಾಲ್ಕು ಪಾಲು ಮಾಡಲು ಹೇಳುತ್ತದೆ: ಒಂದು ಪಾಲು ನಿಧಿಗೆ, ಒಂದು ಪಾಲು ವ್ಯವಹಾರದ ಬಂಡವಾಳಕ್ಕೆ, ಒಂದು ಪಾಲು ಧರ್ಮಕ್ಕೂ ಸ್ವಂತ ಭೋಗಕ್ಕೂ, ಒಂದು ಪಾಲು ಆಶ್ರಿತರ ಪೋಷಣೆಗೆ.

ಅಲ್ಪಾದಾಯದ ಮನೆಗೆ ಈ ಪ್ರಮಾಣವನ್ನು ಅಕ್ಷರಶಃ ಪಾಲಿಸುವುದು ಅಸಾಧ್ಯ. ಐದು ಜನರ ಹೊಟ್ಟೆಯನ್ನು ಆದಾಯದ ಕಾಲು ಭಾಗದಲ್ಲಿ ತುಂಬಿಸಲಾಗದು. ಆದರೆ ಅಲ್ಲಿ ಗಮನಿಸಬೇಕಾದುದು ಪ್ರಮಾಣವನ್ನಲ್ಲ, ಪಾಲುಗಳನ್ನು. ನಿಧಿಗೆ ಒಂದು ಪಾಲು ಇದ್ದೇ ಇರಬೇಕು, ಅದು ಹತ್ತರಲ್ಲಿ ಒಂದಾದರೂ ಆಗಲಿ. ಬಂಡವಾಳಕ್ಕೆ ಒಂದು ಪಾಲು ಇರಬೇಕು, ಇಲ್ಲವಾದರೆ ಬೀಜ-ಗೊಬ್ಬರಕ್ಕೆ ಪ್ರತಿವರ್ಷವೂ ಸಾಲವೇ ಗತಿ. ಧರ್ಮಕ್ಕೆ ಒಂದು ಪಾಲು ಇರಬೇಕು, ಅದು ಒಂದು ಹಿಡಿ ಅಕ್ಕಿಯಾದರೂ ಆಗಲಿ. ಮಿಕ್ಕುದು ಸಂಸಾರಕ್ಕೆ. ಖರ್ಚು ಮಾಡಿ ಮಿಕ್ಕುದನ್ನು ಉಳಿಸುವೆನೆನ್ನುವವನಿಗೆ ಎಂದೂ ಮಿಗುವುದಿಲ್ಲ. ಉಳಿಕೆಯನ್ನು ಮೊದಲು ತೆಗೆದಿಟ್ಟು ಮಿಕ್ಕುದರಲ್ಲಿ ಬಾಳುವವನಿಗೆ ಸಾಲುತ್ತದೆ.

ಒಂದು ಮನೆಯ ಲೆಕ್ಕ

ತಿಳಿವಳಿಕೆಗಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ, ತಾಯಿ, ಮಗ, ಸೊಸೆ, ಒಂದು ಮಗು. ಎರಡು ಎಕರೆ ಕಬ್ಬು, ಒಂದು ಎಮ್ಮೆ, ಮಗನಿಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎಲ್ಲ ಕೂಡಿ ಸರಾಸರಿ ತಿಂಗಳಿಗೆ 20,000 ರೂಪಾಯಿ ಎನ್ನಬಹುದು. ಇದು ಯಾವುದೇ ನಿಜವಾದ ಮನೆಯ ಲೆಕ್ಕವಲ್ಲ; ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ಅಂಕಿಗಳನ್ನು ಇದರ ಜಾಗದಲ್ಲಿ ಇಟ್ಟು ನೋಡಬೇಕು.

ಪಾನದ ನಿಯಮ: ತಂದೆ-ಮಗ ಇಬ್ಬರೂ ಹೊರಗೆ ದಿನಕ್ಕೆ ಎರಡು ಸಲ ಚಹ ಕುಡಿಯುತ್ತಾರೆ. ಕಪ್ಪಿಗೆ 10 ರೂಪಾಯಿಯಂತೆ ದಿನಕ್ಕೆ 40, ತಿಂಗಳಿಗೆ 1,200. ಒಂದೇ ಸಲವೆಂದು ನಿಯಮ ಮಾಡಿದರೆ 600 ಉಳಿಯುತ್ತದೆ.

ತಾಂಬೂಲದ ಯಮ: ಎಲೆ-ಅಡಿಕೆ-ತಂಬಾಕಿಗೆ ದಿನಕ್ಕೆ 20 ರೂಪಾಯಿ. ಸಂಪೂರ್ಣ ಬಿಟ್ಟರೆ ತಿಂಗಳಿಗೆ 600.

ವಾಹನದ ನಿಯಮ: ನಡೆದು ಹೋಗಬಹುದಾದಲ್ಲಿಗೆ ನಡೆದೇ ಹೋದರೆ ಮೂರು ಲೀಟರು ಪೆಟ್ರೋಲು, ಎಂದರೆ ಸುಮಾರು 300.

ವಸ್ತುಸಂಖ್ಯೆಯ ನಿಯಮ: ಚೀಟಿ ಬರೆದುಕೊಳ್ಳದೆ ಸಂತೆಗೆ ಹೋಗುವುದನ್ನು ಬಿಟ್ಟರೆ, ಮಗುವಿನ ಕೈಗೆ ಕೊಡುವ ಕುರುಕಲು ಪೊಟ್ಟಣಗಳ ಬದಲು ಮನೆಯ ಶೇಂಗಾ-ಬೆಲ್ಲ ಕೊಟ್ಟರೆ 350.

ಗೀತ-ನೃತ್ಯಗಳ ನಿಯಮ: ಇಂದು ಇವೆರಡೂ ಮೊಬೈಲಿನೊಳಗೆ ಸೇರಿಕೊಂಡಿವೆ. ಎರಡು ಮೊಬೈಲುಗಳ ರಿಚಾರ್ಜನ್ನು ಅಗತ್ಯಕ್ಕೆ ತಕ್ಕಂತೆ ಇಳಿಸಿದರೆ 150.

ಎಲ್ಲ ಕೂಡಿ ತಿಂಗಳಿಗೆ 2,000, ವರ್ಷಕ್ಕೆ 24,000. ಯಾರ ತಟ್ಟೆಯಿಂದಲೂ ಒಂದು ರೊಟ್ಟಿ ಕಡಿಮೆಯಾಗಿಲ್ಲ. ಆದಾಯದ ಹತ್ತರಲ್ಲಿ ಒಂದು ಪಾಲು ಕೈಯಲ್ಲಿ ಉಳಿದಿದೆ. ಇದರಲ್ಲಿ ಕಾಲು ಭಾಗ, 500 ರೂಪಾಯಿ, ಧರ್ಮಕ್ಕೆ ಎಂದಿಟ್ಟರೆ ಮಿಕ್ಕ 1,500 ನಿಧಿಗೆ.

ಈ 1,500 ರೂಪಾಯಿಯನ್ನು ಎರಡು ದಾರಿಯಲ್ಲಿ ನಡೆಯಿಸಿ ನೋಡಬೇಕು. ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಯಲ್ಲಿ ಪ್ರತಿ ತಿಂಗಳು ಕಟ್ಟಿದರೆ 60 ಕಂತುಗಳಲ್ಲಿ ಅಸಲೇ 90,000 ಆಗುತ್ತದೆ. ಈಚಿನ ವರ್ಷಗಳ ಬಡ್ಡಿ ಸೇರಿದರೆ ಲಕ್ಷವನ್ನು ದಾಟುತ್ತದೆ. ಇನ್ನು ಎರಡನೆಯ ದಾರಿ. ಅದೇ ಮನೆ ಒಂದು ಸಮಾರಂಭಕ್ಕಾಗಿ ಕೈಬದಲು ಸಾಲದವರಲ್ಲಿ 50,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಲ್ಲಿ ತಂದಿತೆನ್ನಬಹುದು. ತಿಂಗಳ ಬಡ್ಡಿ ಸರಿಯಾಗಿ 1,500. ಐದು ವರ್ಷದಲ್ಲಿ 90,000 ಬಡ್ಡಿ ಕಟ್ಟಿದ ಮೇಲೂ 50,000 ಅಸಲು ಹಾಗೆಯೇ ನಿಂತಿರುತ್ತದೆ. ಒಂದೇ ಮನೆ, ಒಂದೇ 1,500 ರೂಪಾಯಿ. ಒಂದು ಕಡೆ ಲಕ್ಷದ ನಿಧಿ, ಇನ್ನೊಂದು ಕಡೆ ಹೊಲದ ಮೇಲೆ ಕಣ್ಣಿಟ್ಟ ಸಾಲಗಾರ. ನಡುವೆ ಇರುವುದು ಒಂದು ನಿಯಮ ಮಾತ್ರ.

ಎಲ್ಲಿ ಕಡಿತ ಮಾಡಬಾರದು

ಮಿತವ್ಯಯವನ್ನು ಹೇಳುವಾಗ ಅದರ ಎಲ್ಲೆಯನ್ನೂ ಹೇಳಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೆಂಬುದು ಒಂದು. ಆಶ್ರಯದಲ್ಲಿರುವ ಮನುಷ್ಯರಿಗೂ ದನಕರುಗಳಿಗೂ ಹೊತ್ತಿಗೆ ಸರಿಯಾಗಿ ಅನ್ನ-ನೀರು ಕೊಡದಿರುವುದೇ ಅದು. ಮಗುವಿನ ಹಾಲನ್ನು ನಿಲ್ಲಿಸಿ, ಬಸುರಿ ಸೊಸೆಯ ಹಣ್ಣನ್ನು ತಪ್ಪಿಸಿ, ಮುದುಕರ ಔಷಧವನ್ನು ಮುಂದೂಡಿ, ಎಮ್ಮೆಯ ಹಿಂಡಿಯನ್ನು ತಗ್ಗಿಸಿ ಉಳಿಸಿದ ಹಣ ಉಳಿತಾಯವಲ್ಲ. ಅದು ಹಿಂಸೆಯ ಸಂಪಾದನೆ. ಅನೇಕ ಮನೆಗಳಲ್ಲಿ ಕಡಿತವೆಂಬುದು ಮೊದಲು ಹೆಣ್ಣುಮಕ್ಕಳ ತಟ್ಟೆಯಲ್ಲಿ ಆರಂಭವಾಗುತ್ತದೆ. ಗಂಡಸರ ಚಹ-ತಂಬಾಕು ಹಾಗೆಯೇ ನಡೆಯುತ್ತದೆ. ಇದು ವ್ರತದ ಹೆಸರಿನಲ್ಲಿ ನಡೆಯುವ ಅನ್ಯಾಯ. ಯಾರು ನಿಯಮವನ್ನು ಮಾಡುತ್ತಾರೋ ಅವರ ಭೋಗದಿಂದಲೇ ಕಡಿತ ಆರಂಭವಾಗಬೇಕು.

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡಕ್ಕೂ ಶಕ್ತಿಗೆ ತಕ್ಕಷ್ಟು ಎಂಬ ವಿಶೇಷಣವನ್ನು ಸೇರಿಸಿರುವುದನ್ನು ಮರೆಯಬಾರದು. ಹಾಗೆಯೇ ಉಪವಾಸವನ್ನು ಅಡುಗೆಯ ಖರ್ಚು ಉಳಿಸುವ ಉಪಾಯವೆಂದು ಎಣಿಸಲಾಗದು. ಉಪವಾಸದ ಫಲ ನಿರ್ಜರೆ. ಆ ದಿನ ಉಳಿದ ಧಾನ್ಯವನ್ನು ಆಹಾರದಾನಕ್ಕೆ ಎತ್ತಿಡುವ ಪದ್ಧತಿಯೇ ಯೋಗ್ಯವಾದುದು.

ಆಳುಗಳ ಕೂಲಿಯ ವಿಷಯವೂ ಹೀಗೆಯೇ. ಕೂಲಿಯಲ್ಲಿ ಕಡಿತ ಮಾಡಿ, ತೂಕದಲ್ಲಿ ಮೋಸ ಮಾಡಿ, ಎತ್ತಿನ ಗಾಡಿಗೆ ಶಕ್ತಿಮೀರಿ ಕಬ್ಬು ಹೇರಿ ಗಳಿಸುವುದು ಯಾವ ಲೆಕ್ಕದಲ್ಲಿಯೂ ಮಿತವ್ಯಯವಾಗದು. ಸಮಂತಭದ್ರರು ಪರಿಗ್ರಹಪರಿಮಾಣದ ಅತಿಚಾರಗಳನ್ನು ಹೇಳುವಾಗ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂದು ಐದನ್ನು ಎಣಿಸಿದ್ದಾರೆ. ಆಸೆಯಿಂದ ಅತಿಯಾಗಿ ದುಡಿಸುವುದೂ ಅತಿಯಾಗಿ ಹೊರೆ ಹೇರುವುದೂ ಅದರಲ್ಲಿ ಸೇರಿವೆ. ನಡುವೆ ಇರುವ ವಿಸ್ಮಯವೆಂಬುದು, ಎಂದರೆ ಇತರರ ಸಂಪತ್ತನ್ನು ಕಂಡು ಬೆರಗಾಗುವುದು, ಈ ಕಾಲದ ರೋಗ. ನೆರೆಮನೆಯ ಕಾರು, ಮೊಬೈಲಿನಲ್ಲಿ ಕಾಣುವ ಪರರ ವೈಭವ, ಇವೇ ಹಲವು ಸಾಲಗಳ ಬೀಜ.

ಶ್ಮಶ್ರುನವನೀತನ ಕಥೆ

ಉಳಿತಾಯವೂ ಲೋಭವಾಗಬಲ್ಲದೆಂಬುದಕ್ಕೆ ಶಾಸ್ತ್ರದಲ್ಲಿಯೇ ದೃಷ್ಟಾಂತವಿದೆ. ರತ್ನಕರಂಡಕದಲ್ಲಿ ಪರಿಗ್ರಹಪರಿಮಾಣವ್ರತದಿಂದ ಪೂಜ್ಯನಾದವನೆಂದು ಜಯಕುಮಾರನನ್ನೂ, ಪರಿಗ್ರಹದಿಂದ ಕೆಟ್ಟವನೆಂದು ಶ್ಮಶ್ರುನವನೀತನನ್ನೂ ಹೆಸರಿಸಿದೆ. ಪ್ರಭಾಚಂದ್ರರ ಟೀಕೆಯಲ್ಲಿ ಈ ಎರಡನೆಯವನ ಕಥೆ ಬರುತ್ತದೆ.

ಲುಬ್ಧದತ್ತನೆಂಬ ವೈಶ್ಯನು ದೂರದೇಶದಲ್ಲಿ ಗಳಿಸಿದುದನ್ನೆಲ್ಲ ದಾರಿಯಲ್ಲಿ ಕಳ್ಳರ ಪಾಲುಮಾಡಿ ಬರಿಗೈಯವನಾದನು. ಒಂದು ಗೊಲ್ಲರ ಮನೆಯಲ್ಲಿ ಮಜ್ಜಿಗೆ ಬೇಡಿ ಕುಡಿದಾಗ ಮೀಸೆಗೆ ಸ್ವಲ್ಪ ಬೆಣ್ಣೆ ಅಂಟಿತು. ಇದನ್ನೇ ಕೂಡಿಸಿ ವ್ಯಾಪಾರ ಮಾಡಬಹುದಲ್ಲ ಎಂದುಕೊಂಡು ಅವನು ದಿನವೂ ಮಜ್ಜಿಗೆ ಕುಡಿದು ಮೀಸೆಯ ಬೆಣ್ಣೆಯನ್ನು ಸಂಗ್ರಹಿಸತೊಡಗಿದನು. ಅದರಿಂದಲೇ ಅವನಿಗೆ ಶ್ಮಶ್ರುನವನೀತ, ಎಂದರೆ ಮೀಸೆಬೆಣ್ಣೆಯವನು ಎಂಬ ಹೆಸರು ಬಂದಿತು. ಒಂದು ಪಾತ್ರೆ ತುಪ್ಪವಾದ ಮೇಲೆ ಚಳಿಗಾಲದ ಒಂದು ರಾತ್ರಿ ಗುಡಿಸಲಿನಲ್ಲಿ ಪಾತ್ರೆಯನ್ನು ಕಾಲದೆಸೆಯಲ್ಲಿಟ್ಟು, ಬಳಿಯಲ್ಲಿ ಬೆಂಕಿ ಹಾಕಿಕೊಂಡು ಮಲಗಿದನು. ಮಲಗಿದವನ ಮನಸ್ಸು ಓಡತೊಡಗಿತು. ತುಪ್ಪ ಮಾರುವೆನು, ದೊಡ್ಡ ವ್ಯಾಪಾರಿಯಾಗುವೆನು, ಸಾಮಂತನಾಗುವೆನು, ಚಕ್ರವರ್ತಿಯೇ ಆಗುವೆನು, ಏಳಂತಸ್ತಿನ ಮಾಡದಲ್ಲಿ ಮಲಗಿರುವಾಗ ರಾಣಿ ಕಾಲೊತ್ತುವಳು, ಒತ್ತಲು ಬರುವುದಿಲ್ಲವೆಂದು ಅವಳನ್ನು ಪ್ರೀತಿಯಿಂದ ಒದೆಯುವೆನು ಎಂದುಕೊಳ್ಳುತ್ತ ಕಾಲು ಝಾಡಿಸಿದನು. ತುಪ್ಪದ ಪಾತ್ರೆ ಉರುಳಿ ಬೆಂಕಿಗೆ ಬಿದ್ದಿತು. ಗುಡಿಸಲು ಹೊತ್ತಿ ಉರಿಯಿತು. ಇಚ್ಛೆಗೆ ಮಿತಿಯಿಡದ ಆತನು ಅದರಲ್ಲಿಯೇ ಬೆಂದು ದುರ್ಗತಿಗೆ ಹೋದನು.

ಈ ಕಥೆಯನ್ನು ಕೇಳಿ ನಗುವುದು ಸುಲಭ. ಆದರೆ ಅವನಲ್ಲಿ ಉಳಿತಾಯದ ಗುಣವಿರಲಿಲ್ಲವೇ? ಇತ್ತು. ಹನಿ ಹನಿಯಾಗಿ ಕೂಡಿಸುವ ತಾಳ್ಮೆಯೂ ಇತ್ತು. ಇಲ್ಲದೆ ಹೋದುದು ಪರಿಮಾಣ. ಯಾವುದಕ್ಕಾಗಿ, ಎಷ್ಟರವರೆಗೆ ಎಂಬ ಎರಡು ಪ್ರಶ್ನೆಗಳನ್ನು ಅವನು ಕೇಳಿಕೊಳ್ಳಲಿಲ್ಲ. ಈ ಎರಡು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಂಗ್ರಹ ನಿಧಿ. ಇಲ್ಲದಿದ್ದರೆ ಅದೇ ಸಂಗ್ರಹ ಲೋಭ.

ಉದ್ಯಾಪನೆ, ಸವಾಲು, ಮದುವೆ

ವರ್ಷವಿಡೀ ಹನಿಗೂಡಿಸಿದುದು ಒಂದೇ ದಿನದಲ್ಲಿ ಹರಿದುಹೋಗುವುದು ಹೆಚ್ಚಾಗಿ ಸಮಾರಂಭಗಳಲ್ಲಿ. ಅದರಲ್ಲಿ ಅತ್ಯಂತ ಖೇದದ ಸಂಗತಿಯೆಂದರೆ ವ್ರತದ ಉದ್ಯಾಪನೆಗೇ ಸಾಲ ಮಾಡುವುದು. ಆಸೆಯನ್ನು ಕಡಿಮೆ ಮಾಡಲು ಹಿಡಿದ ನೋಂಪಿಯ ಕೊನೆಯಲ್ಲಿ, ಊರ ಮುಂದೆ ಹೆಚ್ಚುಗಾರಿಕೆ ತೋರುವುದಕ್ಕಾಗಿ ಹೊಲವನ್ನು ಒತ್ತೆಯಿಡುವುದಾದರೆ ಆ ವ್ರತದಿಂದ ದೊರೆತುದೇನು? ವ್ರತವಿಧಿಯನ್ನು ಹೇಳುವ ಗ್ರಂಥಗಳು ಇದಕ್ಕೆ ಸ್ಪಷ್ಟವಾದ ದಾರಿಯನ್ನು ತೋರಿವೆ. ಉದ್ಯಾಪನೆ ಮಾಡುವ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕು. ಹಣವಿಲ್ಲದವನಿಗೆ ಹಣದ ಬದಲು ತಪಸ್ಸನ್ನು ಸಲ್ಲಿಸುವ ಅವಕಾಶ ಇದು. ಇದರಲ್ಲಿ ಕೀಳರಿಮೆಗೆ ಎಡೆಯೇ ಇಲ್ಲ. ಇಮ್ಮಡಿ ವ್ರತ ಮಾಡಿದವನಿಗೆ ಇಮ್ಮಡಿ ನಿರ್ಜರೆ.

ಪಂಚಕಲ್ಯಾಣಗಳಲ್ಲಿಯೂ ಬಸದಿಯ ಉತ್ಸವಗಳಲ್ಲಿಯೂ ಸವಾಲು ಕೂಗುವಾಗಲೂ ಇದೇ ವಿವೇಕ ಬೇಕು. ಇದ್ದವರು ಕೂಗಲಿ, ಅದು ದಾನಕ್ಕೆ ಒಂದು ಅವಕಾಶ. ಆದರೆ ಕೈಯಲ್ಲಿಲ್ಲದ ಹಣವನ್ನು ಕೂಗಿ ಬಸದಿಗೆ ಬಾಕಿದಾರನಾಗುವುದು ದಾನವೂ ಅಲ್ಲ, ಪುಣ್ಯವೂ ಅಲ್ಲ. ಅನ್ನ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಯಾವುದಕ್ಕೂ ಸವಾಲಿನ ಅಗತ್ಯವಿಲ್ಲ.

ಅಕ್ಷಯತೃತೀಯದ ದಿನ ಚಿನ್ನ ಕೊಳ್ಳಬೇಕೆಂಬ ಪ್ರಚಾರ ಈಚಿನದು. ಜೈನರಿಗೆ ಆ ದಿನ ದಾನತೀರ್ಥ ಪ್ರವರ್ತನೆಯ ದಿನ. ದೀರ್ಘ ಉಪವಾಸದ ತರುವಾಯ ಭಗವಾನ್ ವೃಷಭನಾಥರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ಹಾಲನ್ನು ಆಹಾರವಾಗಿ ಸಲ್ಲಿಸಿದ ದಿನ ಅದು. ಕಬ್ಬು ಬೆಳೆಯುವ ಈ ಸೀಮೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವುದರಿಂದ ಅಕ್ಷಯವಾಗುವುದಿಲ್ಲ, ಕೊಡುವುದರಿಂದ ಆಗುತ್ತದೆ.

ಮದುವೆಯ ವಿಷಯದಲ್ಲಿ ಧರ್ಮಸ್ಥಳದ ಮಾದರಿ ಎಲ್ಲರಿಗೂ ತಿಳಿದದ್ದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಅಲ್ಲಿ ಆರಂಭಿಸಿದ ಉಚಿತ ಸಾಮೂಹಿಕ ವಿವಾಹವು ಸಾವಿರಾರು ಮನೆಗಳನ್ನು ಮದುವೆಯ ಸಾಲದಿಂದ ಪಾರುಮಾಡಿದೆ. ಬಸದಿಯ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಸೂರ್ಯಾಸ್ತದೊಳಗೆ ಭೋಜನ ಮುಗಿಯುವಂತೆ ಮಾಡುವ ಮದುವೆ ರಾತ್ರಿಭೋಜನತ್ಯಾಗಕ್ಕೂ ಅನುಕೂಲ, ದೀಪಾಲಂಕಾರದ ವೆಚ್ಚಕ್ಕೂ ಕಡಿವಾಣ.

ನಿಧಿಯನ್ನು ಎಲ್ಲಿ ಇಡಬೇಕು

ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರವನ್ನು ಕನ್ನಡಿಗರು ತವನಿಧಿಯೆಂದೂ ಕರೆಯುತ್ತಾರೆ. ಹಳಗನ್ನಡದಲ್ಲಿ ತವನಿಧಿಯೆಂದರೆ ತೀರದ ನಿಧಿ. 1899ರಲ್ಲಿ ಇದೇ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಅದೇ ಇಂದಿನ ದಕ್ಷಿಣ ಭಾರತ ಜೈನ ಸಭೆ. ಹಳ್ಳಿಗಾಡಿನ ಜೈನ ಹುಡುಗರ ವಿದ್ಯಾಭ್ಯಾಸಕ್ಕಾಗಿ ಅದು ವಸತಿಗೃಹಗಳನ್ನು ತೆರೆಯಿತು. ಮಕ್ಕಳ ವಿದ್ಯೆಯೇ ಕುಟುಂಬದ ತೀರದ ನಿಧಿಯೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. ಆದ್ದರಿಂದ ಉಳಿಸಿದ ಹಣದ ಮೊದಲ ಉದ್ದೇಶ ವಿದ್ಯೆಯಾಗಿರಲಿ.

ಹಣವನ್ನು ಇಡುವಲ್ಲಿ ಹೆಚ್ಚಿನ ಬಡ್ಡಿಯ ಆಸೆಗಿಂತ ಭದ್ರತೆ ಮುಖ್ಯ. ಅಂಚೆ ಕಚೇರಿಯ ಆವರ್ತ ಠೇವಣಿಯನ್ನು ತಿಂಗಳಿಗೆ 100 ರೂಪಾಯಿಯಿಂದಲೇ ಆರಂಭಿಸಬಹುದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಯೋಜನೆಯಿದೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ ಸಹ, ಒಬ್ಬ ಠೇವಣಿದಾರನ ಹಣಕ್ಕೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. 2020ರ ಫೆಬ್ರವರಿಯಲ್ಲಿ ಈ ಮಿತಿಯನ್ನು ಒಂದು ಲಕ್ಷದಿಂದ ಏರಿಸಲಾಯಿತು. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಈ ಸೀಮೆಯಲ್ಲಿ ಅಂತಹ ಸಂಘಗಳು ಬಹಳ. ಚೆನ್ನಾಗಿ ನಡೆಯುವವೂ ಇವೆ. ಆದರೂ ಎಲ್ಲ ಹಣವನ್ನು ಒಂದೇ ಕಡೆ ಇಡದೆ, ವಾರ್ಷಿಕ ಸಭೆಗೆ ಹೋಗಿ ಲೆಕ್ಕಪತ್ರ ಕೇಳಿ ನೋಡುವುದು ಸದಸ್ಯನ ಕರ್ತವ್ಯ. ಚಿನ್ನವನ್ನು ಆಪತ್ತಿಗೆಂದು ಕೊಳ್ಳುವವರು, ಒಡವೆಗೆ ಕೊಟ್ಟ ಮಜೂರಿ ಮಾರುವಾಗ ಮರಳಿ ಬರುವುದಿಲ್ಲವೆಂಬುದನ್ನು ನೆನಪಿಡಬೇಕು. ಹೆಂಗಸರು ಕೂಡಿ ವಾರಕ್ಕೆ ಇಷ್ಟೆಂದು ಹಾಕುವ ಸ್ವಸಹಾಯ ಸಂಘದ ಪದ್ಧತಿಯೂ ಒಳ್ಳೆಯದು. ಉಳಿಕೆಯೊಡನೆ ಲೆಕ್ಕದ ಅಭ್ಯಾಸವೂ ಅದರಿಂದ ಬೆಳೆಯುತ್ತದೆ.

ಈ ನೆಲದ ಆದರ್ಶ

ಇಚ್ಛೆಯನ್ನು ಗೆದ್ದವರನ್ನು ಹುಡುಕಿಕೊಂಡು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು (1872–1955) ವೇದಗಂಗಾ-ದೂಧಗಂಗಾ ಸಂಗಮದ ಭೋಜ ಗ್ರಾಮದ ಒಕ್ಕಲು ಮನೆತನದವರು. ಗೃಹಸ್ಥರಾಗಿದ್ದಾಗ ಬಟ್ಟೆ ಅಂಗಡಿಯಲ್ಲಿ ಕುಳಿತರೂ, ಬಟ್ಟೆ ಅಳೆದುಕೊಂಡು ಹಣವಿಟ್ಟು ಹೋಗುವುದನ್ನು ಕೊಳ್ಳುವವರಿಗೇ ಬಿಡುತ್ತಿದ್ದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. 1920ರಲ್ಲಿ ಯರನಾಳದಲ್ಲಿ ಅವರು ಮುನಿದೀಕ್ಷೆ ಪಡೆದರು. ಸದಲಗಾ ಊರಿನ ಆಚಾರ್ಯ ವಿದ್ಯಾಸಾಗರ ಮಹಾರಾಜರು (1946–2024) ಉಪ್ಪು, ಸಕ್ಕರೆಗಳನ್ನು ಜೀವನಪರ್ಯಂತ ತ್ಯಜಿಸಿದ್ದರು. ಶೇಡಬಾಳದ ಆಚಾರ್ಯ ವಿದ್ಯಾನಂದರು (1925–2019) ಈ ನೆಲದವರೇ. ಮಹಾವ್ರತಿಗಳು ಎಲ್ಲವನ್ನೂ ಬಿಟ್ಟರು. ಗೃಹಸ್ಥನಿಗೆ ಅವರು ಹೇಳಿದ್ದು ಎಲ್ಲವನ್ನೂ ಬಿಡೆಂದಲ್ಲ, ಬೇಡದುದನ್ನು ಬಿಡೆಂದು.

ವ್ರತವನ್ನು ಆರಂಭಿಸುವ ವಿಧಿ

ದೀಪಾವಳಿ ಅಮಾವಾಸ್ಯೆ ವೀರನಿರ್ವಾಣದ ದಿನ. ಮರುದಿನ, ಕಾರ್ತಿಕ ಶುಕ್ಲ ಪ್ರತಿಪದೆಯಂದು, ವೀರನಿರ್ವಾಣ ಸಂವತ್ಸರ ಹೊಸದಾಗುತ್ತದೆ. ಕಬ್ಬಿನ ಹಂಗಾಮೂ ಸುಮಾರಾಗಿ ಅದೇ ವೇಳೆಗೆ ತೊಡಗುತ್ತದೆ. ಪರಿಮಾಣದ ನಿಯಮ ಹಿಡಿಯಲು ಇದಕ್ಕಿಂತ ಯೋಗ್ಯವಾದ ಕಾಲವಿಲ್ಲ. ನಿರ್ವಾಣಪೂಜೆಯ ತರುವಾಯ ಮನೆಯವರೆಲ್ಲ ಕುಳಿತು, ಕಳೆದ ವರ್ಷದ ಆಯ, ವ್ಯಯ, ಸಾಲಗಳನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಮನೆಯಲ್ಲಿರುವ ವಸ್ತ್ರ, ಪಾತ್ರೆ, ವಾಹನಗಳನ್ನು ಎಣಿಸಿ, ಇದಕ್ಕಿಂತ ಹೆಚ್ಚು ಈ ವರ್ಷ ಬೇಡವೆಂದು ಎಲ್ಲೆ ಹಾಕಬೇಕು. ಹದಿನೇಳು ನಿಯಮಗಳಲ್ಲಿ ಮೂರನ್ನಾದರೂ ಆರಿಸಿಕೊಂಡು ಒಂದು ಪಕ್ಷದ ಅವಧಿಗೆ ಹಿಡಿಯಬೇಕು. ಪಕ್ಷ ಮುಗಿದ ಮೇಲೆ ಅದನ್ನೇ ತಿಂಗಳಿಗೆ, ಋತುವಿಗೆ, ಅಯನಕ್ಕೆ ವಿಸ್ತರಿಸುತ್ತ ಹೋಗಬೇಕು. ನಿಯಮ ತಪ್ಪಿದ ದಿನ ಪ್ರತಿಕ್ರಮಣದಲ್ಲಿ ಅದನ್ನು ಆಲೋಚಿಸಿ ಮರುದಿನ ಮತ್ತೆ ಹಿಡಿಯಬೇಕು; ತಪ್ಪಿತೆಂದು ಬಿಡಬಾರದು. ಸಾಲವಿದ್ದ ಮನೆಯವರು ಉಳಿಕೆಯನ್ನು ಮೊದಲು ಹೆಚ್ಚಿನ ಬಡ್ಡಿಯ ಸಾಲಕ್ಕೆ ಸಲ್ಲಿಸಬೇಕು. ಋಣಮುಕ್ತಿಯೇ ಅವರ ಮೊದಲ ನಿಧಿ.

ಹೀಗೆ ನಡೆದ ಮನೆಯಲ್ಲಿ ವರ್ಷದ ಕೊನೆಗೆ ಎರಡು ಲಾಭಗಳು ಕಾಣುತ್ತವೆ. ಒಂದು ಪುಸ್ತಕದಲ್ಲಿ ಬರೆಯಬಹುದಾದ ಹಣ; ಇನ್ನೊಂದು ಪುಸ್ತಕದಲ್ಲಿ ಬರೆಯಲಾಗದ ನಿರಾಕುಲತೆ. ಹಣ ಮಳೆಗೂ ಹೊಳೆಗೂ ಒಮ್ಮೆ ಹೋಗಬಹುದು. ಸಾಕು ಎನ್ನುವುದನ್ನು ಕಲಿತ ಮನಸ್ಸು ಎಲ್ಲಿಯೂ ಹೋಗುವುದಿಲ್ಲ.

ಮನನಕ್ಕಾಗಿ ಪ್ರಶ್ನೆಗಳು

1. ಪರಿಗ್ರಹಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಹೆಸರು ಏಕೆ ಸಲ್ಲುತ್ತದೆ?
2. ಭೋಗ-ಉಪಭೋಗಗಳಿಗೂ ನಿಯಮ-ಯಮಗಳಿಗೂ ಇರುವ ಭೇದಗಳೇನು? ಒಂದೊಂದಕ್ಕೂ ಸ್ವಂತ ಮನೆಯಿಂದ ಉದಾಹರಣೆ ಕೊಡಿರಿ.
3. ಪ್ರಮಾದಚರ್ಯೆಯ ಯಾವ ಯಾವ ಬಗೆಗಳು ಒಂದು ದಿನದಲ್ಲಿ ಮನೆಯಲ್ಲಿ ನಡೆಯುತ್ತವೆ? ಎಣಿಸಿರಿ.
4. ಅನ್ನಪಾನನಿರೋಧವೆಂದರೇನು? ಮಿತವ್ಯಯ ಎಲ್ಲಿ ಹಿಂಸೆಯಾಗುತ್ತದೆ?
5. ಉದ್ಯಾಪನೆಗೆ ಶಕ್ತಿಯಿಲ್ಲದವರು ಏನು ಮಾಡಬೇಕೆಂದು ವ್ರತವಿಧಿಯಲ್ಲಿ ಹೇಳಿದೆ?
6. ಶ್ಮಶ್ರುನವನೀತನು ಕೇಳಿಕೊಳ್ಳದೆ ಬಿಟ್ಟ ಎರಡು ಪ್ರಶ್ನೆಗಳು ಯಾವುವು? ಅವಕ್ಕೆ ಸ್ವಂತ ಮನೆಯ ಉತ್ತರವನ್ನು ಬರೆದಿಡಿರಿ.